ಬರಲಿರುವ ಟ್ಯಾಂಕು ಯಾವುದು?

ಟ್ಯಾಂಕು ಎಂದೊಡನೆ ಪಾವಗಡ, ಮಧುಗಿರಿ, ಶಿರಾ ಸೀಮೆಯ ನಮಗೆ ಮೊದಲು ನೆನಪಾಗುವುದು ನೀರು. ಮಳೆ ಕಡಮೆಯಾದ ನಾಡಿನವರಿಗೆ ಇದು ಸಹಜವೇ. ಆದರೆ ರಣರಂಗದ ಉಕ್ಕಿನ ರಥಕ್ಕೂ ಅದೇ ಹೆಸರು ಏಕೆ ಬಂತೆಂದು ಎಂದಾದರೂ ಯೋಚಿಸಿದ್ದೀರಾ? ೧೯೧೫ರಲ್ಲಿ ಇಂಗ್ಲೆಂಡಿನಲ್ಲಿ ಆ ವಾಹನ ಸಿದ್ಧವಾಗುತ್ತಿದ್ದಾಗ, ಒಳಗೆ ಏನು ತಯಾರಾಗುತ್ತಿದೆಯೆಂಬುದು ಹೊರಗಿನವರಿಗೆ ತಿಳಿಯಬಾರದೆಂದು ಅದನ್ನು ನೀರಿನ ತೊಟ್ಟಿಯೆಂಬ ಹೆಸರಿನಿಂದ ಕರೆದರು. ೧೯೧೬ರ ಸೆಪ್ಟೆಂಬರ್ ೧೫ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಗುಟ್ಟು ಬಯಲಾಯಿತು, ಹೆಸರು ಉಳಿಯಿತು. ನೋಡುವವರ ಊಹೆಯನ್ನು ದಾರಿ ತಪ್ಪಿಸುವುದಕ್ಕೆಂದೇ ಹುಟ್ಟಿದ ಹೆಸರು ಇದು.

ಈಗ ನಾನು ಹೇಳಹೊರಟಿರುವುದೂ ಇಂತಹ ಊಹೆಯ ಮಾತೇ. ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಭಾಗಗಳನ್ನು ಅಂಟಿನಿಂದ ಜೋಡಿಸಿ, ಬಣ್ಣ ಬಳಿದು, ನಿಜವಾದ ಟ್ಯಾಂಕಿನ ತದ್ರೂಪವನ್ನು ಅಂಗೈಯಗಲದಲ್ಲಿ ನಿಲ್ಲಿಸುವ ಹವ್ಯಾಸವೊಂದಿದೆ. ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಅದರ ರುಚಿ ಹತ್ತಿದ ಹುಡುಗನೊಬ್ಬ ಇದ್ದರೂ ಇರಬಹುದು. ಜೋಡಿಸುವುದರಷ್ಟೇ ಸಂತೋಷ ಈ ಹವ್ಯಾಸಿಗಳಿಗೆ ಇನ್ನೊಂದರಲ್ಲಿ ಉಂಟು. ಕಂಪೆನಿಯವರು ಮುಂದೆ ಬರಲಿರುವ ಮಾದರಿಯ ಹೆಸರು ಹೇಳದೆ, ಕಪ್ಪು ನೆರಳಿನಂತಹ ಒಂದು ಚಿತ್ರವನ್ನೋ, ಚಕ್ರದ ಒಂದು ಮೂಲೆಯನ್ನೋ ತೋರಿಸಿ ಸುಮ್ಮನಾಗುತ್ತಾರೆ. ಒಡನೆಯೇ ಹವ್ಯಾಸಿಗಳಲ್ಲಿ ಚರ್ಚೆ ಹುಟ್ಟುತ್ತದೆ: ಬರಲಿರುವುದು ಯಾವುದು?

ಇದು ಬರಿಯ ಹುಡುಗಾಟವೆಂದು ತಳ್ಳಿಹಾಕಬೇಡಿ. ‘ಅನುಮಾನ’ ಎಂಬ ಮಾತನ್ನು ನಾವು ಇಂದು ಸಂಶಯವೆಂಬ ಅರ್ಥದಲ್ಲಿ ಬಳಸುತ್ತೇವೆ. ತರ್ಕಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಕಂಡ ಗುರುತಿನಿಂದ ಕಾಣದ ವಸ್ತುವನ್ನು ನಿಶ್ಚಯಿಸುವುದೇ ಅಲ್ಲಿ ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅದಕ್ಕೆ ಹಿರಿಯರು ಕೊಡುತ್ತ ಬಂದ ಉದಾಹರಣೆ. ಈ ಉದಾಹರಣೆಗೆ ನಾವು ಕಾಶಿಗೆ ಹೋಗಬೇಕಾಗಿಲ್ಲ. ಕೊರಟಗೆರೆಗೂ ಮಧುಗಿರಿಗೂ ನಡುವೆ ಚನ್ನರಾಯನದುರ್ಗದ ಬೆಟ್ಟವಿದೆ. ಬೇಸಗೆಯಲ್ಲಿ ಅದರ ಮಗ್ಗುಲಿನಿಂದ ಹೊಗೆಯೆದ್ದರೆ ಒಣಹುಲ್ಲಿಗೆ ಬೆಂಕಿ ಬಿದ್ದಿದೆಯೆಂದು ಕೆಳಗಿನ ಹೊಲದವನು ಹತ್ತಿ ನೋಡದೆಯೇ ಹೇಳುತ್ತಾನೆ. ಆದರೆ ಮಾಗಿಯ ಮುಂಜಾನೆ ಅದೇ ಬೆಟ್ಟವನ್ನು ಬೆಳ್ಳಗೆ ಸುತ್ತಿಕೊಳ್ಳುವುದು ಮಂಜು. ಅದನ್ನು ಹೊಗೆಯೆಂದು ತಿಳಿದು ಬೆಂಕಿ ಆರಿಸಲು ಓಡುವವನದು ಹೇತ್ವಾಭಾಸ. ಎಂದರೆ ಕಾರಣದಂತೆ ತೋರುವ, ಕಾರಣವಲ್ಲದ ಗುರುತನ್ನು ನಂಬಿದ್ದು. ಹೊಗೆಯನ್ನೂ ಮಂಜನ್ನೂ ಬೇರ್ಪಡಿಸುವ ಕಣ್ಣು ಇರುವವನೇ ಒಳ್ಳೆಯ ಊಹೆಗಾರ.

ಟ್ಯಾಂಕಿನ ವಿಷಯದಲ್ಲಿ ನಂಬತಕ್ಕ ಗುರುತು ಯಾವುದು? ಮೊದಲನೆಯದು ಚಕ್ರಗಳು. ಸರಪಣಿ ಪಟ್ಟಿಯ ಒಳಗೆ ನೆಲದ ಭಾರ ಹೊರುವ ಚಕ್ರಗಳನ್ನು ಒಂದು ಮಗ್ಗುಲಿನಿಂದ ಎಣಿಸಿರಿ. ರಷ್ಯದ ಟಿ-೫೫ಕ್ಕೆ ಐದು. ಮೊದಲನೆಯ ಮತ್ತು ಎರಡನೆಯ ಚಕ್ರಗಳ ನಡುವೆ ಎದ್ದು ಕಾಣುವ ತೆರಪು. ಅದರ ತಮ್ಮನಾದ ಟಿ-೬೨ಕ್ಕೂ ಐದೇ. ಆದರೆ ಮುಂದಿನ ಮೂರು ಒತ್ತಾಗಿದ್ದು ತೆರಪು ಹಿಂಭಾಗದಲ್ಲಿರುತ್ತದೆ. ಟಿ-೭೨ಕ್ಕೆ ಆರು. ೧೯೬೫ರ ಕೊನೆಯಲ್ಲಿ ಮದರಾಸಿನ ಬಳಿಯ ಆವಡಿ ಕಾರ್ಖಾನೆಯಿಂದ ಮೊದಲ ಬಾರಿಗೆ ಹೊರಬಂದ ನಮ್ಮ ವಿಜಯಂತಕ್ಕೂ ಆರು. ಆಮೇಲಿನ ಅರ್ಜುನಕ್ಕೆ ಏಳು. ಹೀಗೆ ಮೇಲಿನ ಅರ್ಧವೆಲ್ಲ ಕತ್ತಲಲ್ಲಿ ಅಡಗಿದ್ದರೂ ಕೆಳಗಿನ ಅರ್ಧವೇ ಕುಲಗೋತ್ರ ಹೇಳಿಬಿಡುತ್ತದೆ.

ಆದರೆ ಚಕ್ರವೊಂದರಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲ. ಟಿ-೭೨ಕ್ಕೂ ಟಿ-೯೦ಕ್ಕೂ ಆರಾರು ಚಕ್ರಗಳೇ. ಇಬ್ಬರಿಗೂ ಸಮಾನವಾದ ಗುರುತು ಇಬ್ಬರನ್ನು ಬೇರ್ಪಡಿಸಲಾರದು. ಅಲ್ಲಿ ತಿರುಗುವ ಗೋಪುರದ ಮುಖವನ್ನೇ ನೋಡಬೇಕು. ೧೯೬೫ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರದ ಕಾಳಗದಲ್ಲಿ ನಮ್ಮವರು ಮುರಿದ ಪ್ಯಾಟನ್ನುಗಳ ಕಥೆಯನ್ನು ನೀವು ಕೇಳಿದ್ದೀರಿ. ಪ್ಯಾಟನ್ ಎಂಬ ಒಂದೇ ಹೆಸರಿನಲ್ಲಿ ಎಂ-೪೭, ಎಂ-೪೮ ಎಂಬ ಎರಡು ಟ್ಯಾಂಕುಗಳಿದ್ದವು. ಎರಡಕ್ಕೂ ಆರಾರು ಚಕ್ರ. ಎಂ-೪೭ರಲ್ಲಿ ಚಾಲಕನ ಪಕ್ಕದಲ್ಲಿ ಇನ್ನೊಬ್ಬ ಕುಳಿತು ಮುಂಭಾಗದ ಮೆಷಿನ್‌ಗನ್ ಹಾರಿಸುತ್ತಿದ್ದ. ಒಳಗೆ ಐದು ಜನ. ಎಂ-೪೮ರಲ್ಲಿ ಆ ಸ್ಥಾನವೇ ಇಲ್ಲ. ನಾಲ್ಕೇ ಜನ, ಮುಂಭಾಗ ದೋಣಿಯ ಮೂತಿಯಂತೆ ದುಂಡು. ಚಿತ್ರದ ಮುಂಭಾಗದಲ್ಲಿ ಆ ಸಣ್ಣ ಬಂದೂಕಿನ ಮೂತಿ ಕಂಡಿತೋ, ಅದು ಎಂ-೪೭.

ಇಂತಹ ಕಣ್ಣು ಒಂದು ಕಾಲದಲ್ಲಿ ಪ್ರಾಣ ಉಳಿಸುವ ವಿದ್ಯೆಯಾಗಿತ್ತು. ಆಕಾಶದಲ್ಲಿ ಬರುತ್ತಿರುವ ವಿಮಾನ ಮಿತ್ರನದೋ ಶತ್ರುವಿನದೋ ಎಂಬುದನ್ನು ಕ್ಷಣದಲ್ಲಿ ಗುರುತಿಸದಿದ್ದರೆ ತಮ್ಮವರನ್ನೇ ಹೊಡೆದುರುಳಿಸುವ ಅಪಾಯ. ೧೯೪೨ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಪ್ರೌಢಶಾಲೆಗಳ ಮಕ್ಕಳನ್ನು ಕೇಳಿಕೊಂಡಿತು: ಗುರುತು ಹಿಡಿಯುವ ಪಾಠಕ್ಕಾಗಿ ಐದು ಲಕ್ಷ ಮಾದರಿ ವಿಮಾನಗಳನ್ನು ಮರದಲ್ಲಿ ಕೆತ್ತಿಕೊಡಿ. ಅಳತೆ ಎಪ್ಪತ್ತೆರಡರಲ್ಲಿ ಒಂದು ಪಾಲು, ಎಂದರೆ ಆರು ಅಡಿಗೆ ಒಂದು ಅಂಗುಲ. ಲೆಕ್ಕ ಹಾಕಿ ನೋಡಿ: ಅಂತಹ ಮಾದರಿಯನ್ನು ಮೂವತ್ತೇಳು ಅಡಿ ದೂರದಲ್ಲಿ ಹಿಡಿದರೆ, ಅರ್ಧ ಮೈಲಿಯಾಚೆ ಹಾರುವ ನಿಜವಾದ ವಿಮಾನದಷ್ಟೇ ಕಾಣುತ್ತದೆ. ತರಗತಿಯ ಒಂದು ಕೊನೆಯಿಂದ ಇನ್ನೊಂದು ಕೊನೆಗೇ ಯುದ್ಧದ ಆಕಾಶ ಬಂದಿಳಿದಂತಾಯಿತು.

ಟ್ಯಾಂಕಿನ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಮೂವತ್ತೈದರಲ್ಲಿ ಒಂದು ಪಾಲು. ಈ ವಿಚಿತ್ರ ಸಂಖ್ಯೆಯ ಹಿಂದೆಯೂ ಒಂದು ಸ್ವಾರಸ್ಯವಿದೆ. ಜಪಾನಿನ ತಮಿಯಾ ಕಂಪೆನಿ ೧೯೬೧ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಮೋಟಾರಿನಿಂದ ಓಡುವಂತೆ ಮಾಡಿತು. ಒಳಗೆ ಬ್ಯಾಟರಿ ಹಿಡಿಸಬೇಕಾಗಿದ್ದುದರಿಂದ ಅದಕ್ಕೆ ತಕ್ಕಷ್ಟು ಒಡಲನ್ನು ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಸುಮಾರು ಮೂವತ್ತೈದರಲ್ಲಿ ಒಂದು ಪಾಲಾಗಿತ್ತು. ಮುಂದೆ ಜಗತ್ತೇ ಆ ಅಳತೆಯನ್ನು ಹಿಡಿಯಿತು.

ಕಂಪೆನಿಯವರು ಮುಂದೆ ಏನು ತರುತ್ತಾರೆಂದು ಊಹಿಸಲು ಮಾದರಿ ತಯಾರಾಗುವ ಬಗೆಯನ್ನು ತಿಳಿದಿರಬೇಕು. ಉಕ್ಕಿನಲ್ಲಿ ಅಚ್ಚು ಕೊರೆದು, ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಅದರೊಳಕ್ಕೆ ತುಂಬುತ್ತಾರೆ. ಭಾಗಗಳು ಒಂದೊಂದು ಚೌಕಟ್ಟಿಗೆ ಅಂಟಿಕೊಂಡೇ ಹೊರಬರುತ್ತವೆ. ಪ್ಲಾಸ್ಟಿಕ್ಕು ಅಗ್ಗ, ದುಬಾರಿಯಾದುದು ಆ ಅಚ್ಚು. ಆದ್ದರಿಂದ ಒಂದು ಅಚ್ಚಿನಿಂದ ಎರಡು ಮೂರು ಬಗೆಯ ವಾಹನಗಳನ್ನು ತೆಗೆಯಲು ಸಾಧ್ಯವಾದರೆ ಕಂಪೆನಿ ಬಿಡುವುದಿಲ್ಲ. ನಮ್ಮ ಮನೆಗಳಲ್ಲಿ ಒಂದೇ ಹಿಟ್ಟಿನಿಂದ ಒಂದು ದಿನ ಇಡ್ಲಿ, ಮರುದಿನ ದೋಸೆ ಮಾಡುವುದಿಲ್ಲವೆ, ಹಾಗೆ.

ಇಲ್ಲಿ ಗೌತಮನ ನ್ಯಾಯಸೂತ್ರ ಹೇಳುವ ಅನುಮಾನದ ಮೂರು ಬಗೆಗಳೂ ಉಪಯೋಗಕ್ಕೆ ಬರುತ್ತವೆ. ಕಾರಣದಿಂದ ಕಾರ್ಯವನ್ನು ತಿಳಿಯುವುದು ಪೂರ್ವವತ್. ಕಾರ್ಮೋಡ ಕಂಡು ಮಳೆ ಬಂದೀತೆನ್ನುವುದು. ಕಂಪೆನಿಯ ಜನ ವಸ್ತುಸಂಗ್ರಹಾಲಯಕ್ಕೆ ಹೋಗಿ ಒಂದು ಟ್ಯಾಂಕನ್ನು ಮೂಲೆ ಮೂಲೆಯಲ್ಲಿ ಅಳೆದರೆಂದರೆ ಅದರ ಮಾದರಿ ಬಂದೀತು ಎನ್ನುವುದು ಈ ಬಗೆ. ಕಾರ್ಯದಿಂದ ಕಾರಣವನ್ನು ತಿಳಿಯುವುದು ಶೇಷವತ್. ಜಯಮಂಗಲಿಯಲ್ಲಿ ಕೆನ್ನೀರು ಬಂದರೆ ದೇವರಾಯನದುರ್ಗದ ಕಡೆ ಮಳೆಯಾಗಿದೆಯೆನ್ನುವುದು. ಹಿಂದಿನ ಪೆಟ್ಟಿಗೆಯ ಚೌಕಟ್ಟಿನಲ್ಲಿ ಈ ವಾಹನಕ್ಕೆ ಬೇಡವಾದ ಕೊಳವೆಯೊಂದು ಉಳಿದಿದೆ. ಆದ್ದರಿಂದ ಅದನ್ನು ಧರಿಸುವ ಸೋದರ ವಾಹನದ ಯೋಚನೆ ಕಂಪೆನಿಗೆ ಆಗಲೇ ಇದ್ದಿತು ಎನ್ನುವುದು ಈ ಎರಡನೆಯ ಬಗೆ. ಮೂರರಲ್ಲಿ ಇದೇ ಗಟ್ಟಿ. ಏಕೆಂದರೆ ಕೈಯಲ್ಲಿ ಹಿಡಿದು ನೋಡಬಹುದಾದ ವಸ್ತು ಅದಕ್ಕೆ ಆಧಾರ. ಹಲವು ಸಲ ಕಂಡ ವಾಡಿಕೆಯಿಂದ ಊಹಿಸುವುದು ಸಾಮಾನ್ಯತೋದೃಷ್ಟ. ಟ್ಯಾಂಕು ಬಂದಮೇಲೆ ಅದೇ ಒಡಲಿನ ಸೇತುವೆ ಹೊರುವ ವಾಹನವೋ ಕೆಟ್ಟ ಟ್ಯಾಂಕನ್ನು ಎಳೆಯುವ ವಾಹನವೋ ಬರುವ ವಾಡಿಕೆಯುಂಟು. ಇಲ್ಲಿಯೂ ಹಾಗಾದೀತು ಎಂಬುದು. ಇದು ಮೂರರಲ್ಲಿ ಮೆದುವಾದುದು.

ಮಂಜನ್ನು ಹೊಗೆಯೆಂದ ಒಂದು ಪ್ರಸಿದ್ಧ ಕಥೆಯನ್ನು ಕೇಳಿ. ಅಮೆರಿಕದ ಯುದ್ಧವಿಮಾನಗಳ ಸಂಖ್ಯೆಗಳಲ್ಲಿ ಹದಿನೆಂಟಿತ್ತು, ಇಪ್ಪತ್ತಿತ್ತು, ಹತ್ತೊಂಬತ್ತು ಇರಲಿಲ್ಲ. ರೇಡಾರಿಗೆ ಕಾಣದ ಗುಪ್ತ ವಿಮಾನವೊಂದು ಸಿದ್ಧವಾಗಿದೆಯೆಂಬ ಮಾತು ಹಬ್ಬಿತ್ತು. ಎರಡನ್ನೂ ಕೂಡಿಸಿ, ಗುಪ್ತವಿಮಾನವೇ ಎಫ್-೧೯ ಎಂದು ಜನ ತೀರ್ಮಾನಿಸಿದರು. ೧೯೮೬ರಲ್ಲಿ ಟೆಸ್ಟರ್ ಎಂಬ ಕಂಪೆನಿ ಅದರ ಮಾದರಿಯನ್ನೇ ಮಾರಾಟಕ್ಕೆ ತಂದಿತು: ನಯವಾಗಿ ದುಂಡಗೆ ಬಾಗಿದ ಸುಂದರ ವಿಮಾನ. ಪೆಟ್ಟಿಗೆಗಳು ಬಿಸಿ ಬೋಂಡದಂತೆ ಖರ್ಚಾದವು. ಗುಟ್ಟು ಹೊರಬಿತ್ತೇ ಎಂದು ಆ ದೇಶದ ಸಂಸತ್ತಿನವರೂ ಕೇಳುವಂತಾಯಿತು. ೧೯೮೮ರ ನವೆಂಬರಿನಲ್ಲಿ ಸರಕಾರವೇ ನಿಜವಾದ ವಿಮಾನದ ಚಿತ್ರವನ್ನು ಹೊರಗಿಟ್ಟಿತು. ಅದರ ಸಂಖ್ಯೆ ಎಫ್-೧೧೭. ಮೈಯೆಲ್ಲ ವಜ್ರದ ಮುಖಗಳಂತೆ ಚಪ್ಪಟೆ ಚಪ್ಪಟೆ. ಹೆಸರೂ ತಪ್ಪು, ಆಕಾರವೂ ತಪ್ಪು. ಗುಪ್ತವಿಮಾನ ಇದ್ದುದು ಮಾತ್ರ ನಿಜ. ಸಂಖ್ಯೆಗಳ ನಡುವೆ ತೆರಪಿದೆಯೆಂದರೆ ತೆರಪಿದೆಯೆಂದಷ್ಟೇ ಅರ್ಥ. ಅದರಲ್ಲಿ ಯಾರು ಕುಳಿತಿದ್ದಾರೆಂದು ಅದು ಹೇಳುವುದಿಲ್ಲ.

ಇನ್ನು ಶಬ್ದಪ್ರಮಾಣ, ಎಂದರೆ ಕೇಳಿ ತಿಳಿದದ್ದು. ಶಾಸ್ತ್ರ ಇದನ್ನು ಒಪ್ಪುತ್ತದೆ. ಆದರೆ ಹೇಳುವವನು ಆಪ್ತನಾಗಿರಬೇಕು. ವಿಷಯವನ್ನು ಬಲ್ಲವನೂ, ಬಲ್ಲದ್ದನ್ನು ಬಲ್ಲಂತೆಯೇ ಹೇಳುವವನೂ ಆಪ್ತ. ‘ಯಾರೋ ಹೇಳಿದರಂತೆ’ ಎಂಬ ‘ಅಂತೆ’ ಯಾವ ಪ್ರಮಾಣವೂ ಅಲ್ಲ. ಮಾದರಿಯ ಹವ್ಯಾಸಿ ‘ಅಂತೆ’ಯನ್ನು ನಂಬಿದರೆ ಮುಂಗಡ ಹಣ ಕೊಟ್ಟು ಕಾದು ಕೂರುತ್ತಾನೆ, ಅಷ್ಟೆ. ಯುದ್ಧಕಾಲದಲ್ಲಿ ಊರಿಗೆ ಊರೇ ‘ಅಂತೆ’ಯನ್ನು ನಂಬಿದರೆ ಆಗುವ ಅನಾಹುತ ದೊಡ್ಡದು. ರೇಡಿಯೋ ಮುಂದೆ ಕಿವಿಗೊಟ್ಟು ಕುಳಿತು, ಬಂದ ಸುದ್ದಿಗೂ ಬೀದಿಯ ಮಾತಿಗೂ ವ್ಯತ್ಯಾಸ ನೋಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಅಭ್ಯಾಸವನ್ನು ಕೂಡಿ ಮಾಡೋಣ. ಯಾವುದೋ ಕಂಪೆನಿ ವಿಜಯಂತದ ಮಾದರಿ ತರುತ್ತದೆಯೆಂದು ಒಬ್ಬ ಹೇಳುತ್ತಾನೆ. ಅವನ ಆಧಾರ: ಆ ಕಂಪೆನಿಯ ಬಳಿ ಸೆಂಚೂರಿಯನ್ ಟ್ಯಾಂಕಿನ ಅಚ್ಚು ಇದೆ, ಕೊನೆಕೊನೆಯ ಸೆಂಚೂರಿಯನ್ನುಗಳಿಗೂ ವಿಜಯಂತಕ್ಕೂ ೧೦೫ ಮಿಲಿಮೀಟರಿನ ಒಂದೇ ಜಾತಿಯ ತೋಪು. ಮಾತು ನಿಜವೇ. ಆದರೆ ತೋಪು ಒಂದು ಭಾಗ. ಒಡಲು ಬೇರೆ, ಗೋಪುರ ಬೇರೆ, ಚಕ್ರಗಳನ್ನು ತೂಗುಹಾಕಿದ ಬಗೆಯೂ ಬೇರೆ. ಸೆಂಚೂರಿಯನ್ನಿನಲ್ಲಿ ಚಕ್ರಗಳು ಜೋಡಿ ಜೋಡಿಯಾಗಿ ಸ್ಪ್ರಿಂಗಿಗೆ ಕಟ್ಟಿವೆ. ವಿಜಯಂತದಲ್ಲಿ ಒಂದೊಂದೂ ತಿರುಚುವ ಉಕ್ಕಿನ ಸರಳಿನ ಮೇಲೆ ನಿಂತಿದೆ. ಅಂದಮೇಲೆ ದುಬಾರಿ ಅಚ್ಚುಗಳನ್ನೆಲ್ಲ ಹೊಸದಾಗಿಯೇ ಕೊರೆಯಬೇಕು. ತೋಪಿನಿಂದ ಹೊರಟ ಊಹೆ ಚಕ್ರದ ಹತ್ತಿರ ಮುರಿದುಬಿತ್ತು. ವಿಜಯಂತದ ಮಾದರಿ ಬಾರದೆಂದು ಇದರಿಂದ ಸಿದ್ಧವಾಗಲಿಲ್ಲ. ಅದು ಬರುತ್ತದೆಂಬುದಕ್ಕೆ ಈ ಗುರುತು ಸಾಲದು ಎಂದಷ್ಟೇ ಸಿದ್ಧವಾಯಿತು. ಬಂದರೆ ಎಷ್ಟು ದೊಡ್ಡದಿದ್ದೀತೆಂಬುದನ್ನಂತೂ ಈಗಲೇ ಹೇಳಬಹುದು. ತೋಪಿನ ತುದಿಯವರೆಗೆ ಅದರ ಉದ್ದ ಸುಮಾರು ೯.೮ ಮೀಟರು, ಮೂವತ್ತೈದರಿಂದ ಭಾಗಿಸಿದರೆ ೨೮ ಸೆಂಟಿಮೀಟರು, ಶಾಲೆಯ ಒಂದು ಅಡಿಪಟ್ಟಿಗಿಂತ ತುಸು ಗಿಡ್ಡ.

ಕಣ್ಣನ್ನು ಪಳಗಿಸಲು ದೂರ ಹೋಗಬೇಕಾಗಿಲ್ಲ. ಶಿರಾದ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಸೈನ್ಯದ ಲಾರಿಗಳು ಕಂಡಾಗ ಚಕ್ರಗಳನ್ನು ಎಣಿಸಿ. ಬೆಂಗಳೂರಿನ ಬಿ.ಇ.ಎಂ.ಎಲ್. ಸಂಸ್ಥೆ ಸೈನ್ಯಕ್ಕೆ ಒದಗಿಸಿದ ಟಾಟ್ರಾ ಲಾರಿಯಾದರೆ, ಹೊರೆಯಿಲ್ಲದಾಗ ಅದರ ಚಕ್ರಗಳು ನೆಟ್ಟಗೆ ನಿಲ್ಲದೆ ತುಸು ಓರೆಯಾಗಿರುವುದನ್ನು ಕಾಣುವಿರಿ. ನಡುವಿನ ಒಂದು ಕೊಳವೆಗೆ ಅರ್ಧರ್ಧ ಅಚ್ಚುಗಳು ಬಿಡಿಬಿಡಿಯಾಗಿ ಕೂಡಿಕೊಂಡಿರುವುದರ ಫಲ ಅದು. ಮಡಿಕೇರಿಗೆ ಹೋದರೆ, ೨೦೨೧ರಲ್ಲಿ ವಸ್ತುಸಂಗ್ರಹಾಲಯವಾದ ಜನರಲ್ ತಿಮ್ಮಯ್ಯನವರ ಮನೆಯ ಆವರಣದಲ್ಲಿ ಟ್ಯಾಂಕನ್ನೇ ಇಟ್ಟಿದ್ದಾರೆ. ಫಲಕವನ್ನು ಓದುವ ಮೊದಲು ಚಕ್ರಗಳನ್ನು ಎಣಿಸಿ, ತೆರಪು ಎಲ್ಲಿದೆ ನೋಡಿ, ಹೆಸರು ಹೇಳಿ. ಆಮೇಲೆ ಫಲಕದ ಕಡೆ ತಿರುಗಿ.

ನಿಮ್ಮ ಮನೆಯ ಹುಡುಗನಿಗೋ ಹುಡುಗಿಗೋ ಈ ಹವ್ಯಾಸವಿದ್ದರೆ ಒಂದು ನೋಟುಪುಸ್ತಕ ಕೊಡಿಸಿ, ಮೂರು ಅಂಕಣ ಹಾಕಿಕೊಡಿ: ಕಂಡದ್ದು, ಊಹಿಸಿದ್ದು, ಕೇಳಿದ್ದು. ಕಂಪೆನಿಯ ಚಿತ್ರದಲ್ಲಿ ಆರು ಚಕ್ರಗಳಿವೆ ಎಂಬುದು ಮೊದಲನೆಯದರಲ್ಲಿ; ಆದ್ದರಿಂದ ಇದು ಟಿ-೫೫ ಅಲ್ಲ ಎಂಬುದು ಎರಡನೆಯದರಲ್ಲಿ; ಸ್ನೇಹಿತನ ಅಣ್ಣ ಹೇಳಿದ ಹೆಸರು ಮೂರನೆಯದರಲ್ಲಿ. ಒಂದು ಅಂಕಣದ್ದು ಇನ್ನೊಂದಕ್ಕೆ ಜಾರದಂತೆ ನೋಡಿಕೊಳ್ಳುವುದೇ ಈ ಆಟದ ನಿಯಮ. ಪೆಟ್ಟಿಗೆ ಮಾರುಕಟ್ಟೆಗೆ ಬಂದ ದಿನ ಮೂರನ್ನೂ ತಾಳೆ ನೋಡಲಿ. ಸುಳ್ಳಾದುದಕ್ಕೆ ಗೀಟು ಹಾಕಿ, ಯಾವ ಗುರುತು ಮೋಸಮಾಡಿತೆಂದು ಪಕ್ಕದಲ್ಲಿ ಬರೆಯಲಿ. ಹತ್ತು ಪುಟ ತುಂಬುವ ಹೊತ್ತಿಗೆ ಆ ಮಗುವಿಗೆ ಟ್ಯಾಂಕುಗಳ ಹೆಸರಿಗಿಂತ ಹೆಚ್ಚಿನದೊಂದು ತಿಳಿದಿರುತ್ತದೆ. ಅದರ ಮುಂದೆ ನಿಂತು ‘ಹಾಗಂತೆ’ ಎಂದು ಏನನ್ನಾದರೂ ಹೇಳುವ ಮೊದಲು ದೊಡ್ಡವರಾದ ನಾವೂ ಸ್ವಲ್ಪ ಯೋಚಿಸಬೇಕಾದೀತು.