ಶಾಲೆ ಬಿಟ್ಟ ಮೇಲಿನ ಮಕ್ಕಳ ಆರೈಕೆ: ವೃತ್ತಿಗೆ ಇಳಿಯುವ ಮುನ್ನ

ಸಿದ್ದಾಪುರ (ಮೊಳಕಾಲ್ಮೂರು): ಚಿತ್ರದುರ್ಗ ಜಿಲ್ಲೆಯ ಈ ಗ್ರಾಮ ಹೊರಜಗತ್ತಿಗೆ ಪರಿಚಿತವಾದದ್ದು ಅಶೋಕನ ಶಾಸನದಿಂದ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಈ ಬಂಡೆಬರಹ ತಂದೆತಾಯಿಯರ ಸೇವೆಯನ್ನೂ, ಶಿಷ್ಯನು ಗುರುವಿಗೆ ಸಲ್ಲಿಸಬೇಕಾದ ಗೌರವವನ್ನೂ ವಿಧಿಸುತ್ತದೆ. ಗುರುವನ್ನು ಬಿಟ್ಟು ಬಂದ ಮಗು ತಂದೆತಾಯಿ ಮನೆ ಸೇರುವವರೆಗೆ ಎಲ್ಲಿರಬೇಕು ಎಂಬುದು ಮಾತ್ರ ಇಂದಿನ ಪ್ರಶ್ನೆ.

ಶೇಂಗಾ ಕೀಳುವ ತಿಂಗಳುಗಳಲ್ಲಿ ಈ ಸೀಮೆಯ ತಾಯಂದಿರು ಹೊಲದಿಂದ ಮರಳುವುದು ಹೊತ್ತು ಮುಳುಗಿದ ಮೇಲೆ. ಶಾಲೆಯ ಗಂಟೆಯಾದರೋ ಸಂಜೆ ನಾಲ್ಕರ ಆಸುಪಾಸಿಗೇ ಬಾರಿಸಿರುತ್ತದೆ. ನಡುವಿನ ಎರಡು ಮೂರು ತಾಸು ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ಮನೆಯ ಹಿರಿಯ ಹೆಣ್ಣುಮಗುವಿನದು. ಆಕೆಯೂ ಪ್ರಾಥಮಿಕ ಶಾಲೆಯ ವಿದ್ಯಾರ್ಥಿನಿಯೇ ಆಗಿರಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೇ ಕೊರತೆಗೆ ಬೇರೆ ರೂಪ: ಕೊರಳಲ್ಲಿ ಬೀಗದ ಕೈ, ಎದುರಿಗೆ ದೂರದರ್ಶನ. ಈ ವೇಳೆಯನ್ನು ವೃತ್ತಿಯಾಗಿ ಕೈಗೆತ್ತಿಕೊಳ್ಳಬಯಸುವವರಿಗೆ ಬೇಡಿಕೆಯ ಅಭಾವವಿಲ್ಲ. ಅಭಾವವಿರುವುದು ಚೌಕಟ್ಟಿಗೆ.

ನಮ್ಮ ಯೋಜನೆಗಳು ಬಹುತೇಕ ಆರನೇ ವಯಸ್ಸಿಗೇ ನಿಂತುಬಿಡುತ್ತವೆ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಆರು ವರ್ಷದೊಳಗಿನ ಮಕ್ಕಳಿಗೆ. ಕೇಂದ್ರದ 'ಪಾಲನಾ' ಶಿಶುಪಾಲನಾ ಯೋಜನೆ ಆರು ತಿಂಗಳಿನಿಂದ ಆರು ವರ್ಷದವರೆಗೆ. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯತೊಡಗಿದ 'ಕೂಸಿನ ಮನೆ' ಹೆಸರೇ ಹೇಳುವಂತೆ ಕೂಸುಗಳಿಗೆ. ಏಳನೆಯ ವರ್ಷಕ್ಕೆ ಕಾಲಿಟ್ಟ ಮಗು ಶಾಲೆಯ ಹೊಣೆ. ಶಾಲೆ ಮುಗಿದೊಡನೆ ಯಾರ ಹೊಣೆಯೂ ಅಲ್ಲ.

ಜಪಾನ್ 1997ರಲ್ಲಿಯೇ ತನ್ನ ಮಕ್ಕಳ ಕಲ್ಯಾಣ ಕಾಯ್ದೆಗೆ ತಿದ್ದುಪಡಿ ತಂದು ಶಾಲಾನಂತರದ ಆರೈಕೆಗೆ ಕಾನೂನಿನ ಸ್ಥಾನ ನೀಡಿತು. 2015ರಿಂದ ಅಲ್ಲಿ ಸುಮಾರು 40 ಮಕ್ಕಳ ಒಂದೊಂದು ಘಟಕಕ್ಕೆ ಕನಿಷ್ಠ ಇಬ್ಬರು ಸಿಬ್ಬಂದಿ ಎಂಬ ಮಾನದಂಡವಿದೆ. ನಮ್ಮಲ್ಲಿ ಖಾಸಗಿ ಶಿಶುವಿಹಾರಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರೂಪಿಸಿದ ಮಾರ್ಗಸೂಚಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಸಹಾಯಕಿ ಎನ್ನುತ್ತದೆ. ಹೊಸದಾಗಿ ಆರಂಭಿಸುವವರು ಈ ಎರಡನೆಯ ಲೆಕ್ಕವನ್ನೇ ಅನುಸರಿಸುವುದು ಕ್ಷೇಮ. ಏನೇ ಆದರೂ ಒಬ್ಬರೇ ನಡೆಸುವ ಕೇಂದ್ರ ಬೇಡ. ಒಂದು ಮಗುವಿಗೆ ಪೆಟ್ಟಾಗಿ ಆಸ್ಪತ್ರೆಗೆ ಹೊರಟರೆ ಉಳಿದವರ ಬಳಿ ಯಾರು?

ಈ ವೃತ್ತಿಯನ್ನು ಮನೆಪಾಠವೆಂದು ಭಾವಿಸುವುದು ಸಾಮಾನ್ಯ ತಪ್ಪು. ಪೋಷಕರು ಕೇಳುವುದೂ ಮೊದಲಿಗೆ ಅದನ್ನೇ. ಆದರೆ 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಂವರ್ಕ್ ಇರಕೂಡದು. ಮೂರರಿಂದ ಐದನೇ ತರಗತಿಯವರಿಗೆ ವಾರಕ್ಕೆ ಗರಿಷ್ಠ ಎರಡು ಗಂಟೆ ಮಾತ್ರ. ದಿನಕ್ಕೆ ಅರ್ಧ ಗಂಟೆಯೂ ಆಗದ ಕೆಲಸಕ್ಕೆ ಮೂರು ತಾಸು ಕೂರಿಸುವುದು ಆರೈಕೆಯಲ್ಲ. ಪಾಠವೇ ಪ್ರಧಾನವಾದರೆ ಕಾನೂನಿನ ತೊಡಕೂ ಉಂಟು. ಕರ್ನಾಟಕ ಶಿಕ್ಷಣ ಕಾಯ್ದೆ 1983 ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಯನ್ನು ಪ್ರಸ್ತಾಪಿಸುತ್ತದೆ. 50ಕ್ಕೂ ಹೆಚ್ಚು ಮಂದಿಗೆ ಪಾಠ ಹೇಳುವ ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಾಲಾ ಶಿಕ್ಷಕರು ಖಾಸಗಿ ಪಾಠ ಮಾಡುವುದನ್ನೇ ನಿಷೇಧಿಸುತ್ತದೆ. ನೆರೆಯ ಶಿಕ್ಷಕರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಲು ಹೊರಟವರು ಇದನ್ನು ಮೊದಲೇ ಅರಿತಿರಬೇಕು.

ಹಾಗಾದರೆ ಮಗುವಿಗೆ ಬೇಕಾದದ್ದೇನು? ಮೊದಲು ತಿಂಡಿ. ಮಧ್ಯಾಹ್ನದ ಊಟವಾಗಿ ಮೂರು ತಾಸು ಕಳೆದಿರುತ್ತದೆ. ಹಸಿದ ಮಗು ಅಕ್ಷರವನ್ನೂ ನೋಡದು, ಆಟವನ್ನೂ ಆಡದು. ಮಂಡಕ್ಕಿ, ಶೇಂಗಾ, ಬಾಳೆಹಣ್ಣಿನಂಥ ಸರಳ ಪದಾರ್ಥ ಸಾಕು, ಆದರೆ ಶೇಂಗಾ ಒಗ್ಗದ ಮಕ್ಕಳೂ ಇರುವುದರಿಂದ ಸೇರಿಸಿಕೊಳ್ಳುವಾಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ಬಯಲಿನಲ್ಲಿ ಆಟ, ಕಥೆ, ಬೇಕೆನಿಸಿದವರಿಗೆ ನಿದ್ದೆ. ಪುಸ್ತಕದ ಕೆಲಸ ಕೊನೆಗೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಸಡಿಲಿಕೆ ಸಲ್ಲದು. ಅಡುಗೆಯವರಿಂದ ಹಿಡಿದು ವಾಹನ ಚಾಲಕರವರೆಗೆ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಅಗತ್ಯ. ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು. 2012ರ ಪೋಕ್ಸೊ ಕಾಯ್ದೆಯಡಿ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕ ಯಾರೇ ಆಗಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯುಂಟು. ಕೇಂದ್ರದ ಹೆಸರು ಕೆಡುತ್ತದೆಂಬ ಅಂಜಿಕೆಗೆ ಇಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರದಲ್ಲಿ ಬರೆದಿರಲಿ.

ಓದಿನ ಅರ್ಹತೆಗೆ ಬಂದರೆ ಡಿ.ಇಎಲ್.ಇಡಿ ಪಡೆದವರಿಗೆ ಪೋಷಕರ ವಿಶ್ವಾಸ ಬೇಗ ದೊರೆಯುತ್ತದೆ. ಪಿಯುಸಿ ಮುಗಿಸಿದವರು ಇಗ್ನೋದ ಬಾಲ್ಯಪೂರ್ವ ಆರೈಕೆ ಮತ್ತು ಶಿಕ್ಷಣ ಡಿಪ್ಲೊಮಾ ಸೇರಬಹುದು. ಕನಿಷ್ಠ ಅವಧಿ ಒಂದು ವರ್ಷ. ಅದು ಆರು ವರ್ಷದೊಳಗಿನವರನ್ನು ಕುರಿತದ್ದಾದರೂ ಮಗುವಿನ ಬೆಳವಣಿಗೆಯ ತಿಳಿವಳಿಕೆ ವ್ಯರ್ಥವಾಗದು. ಬಂಡವಾಳಕ್ಕೆ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂಪಾಯಿಯವರೆಗೆ ಸಾಲ ಕೇಳಬಹುದು. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿಯನ್ನೂ, ಬಾಡಿಗೆ ಕಟ್ಟಡವಾದರೆ ಮಾಲೀಕರ ಲಿಖಿತ ಒಪ್ಪಿಗೆಯನ್ನೂ ಮೊದಲೇ ಪಡೆಯುವುದು ಲೇಸು.

ಇದೆಲ್ಲ ಶುಲ್ಕ ತೆರಬಲ್ಲ ಪೋಷಕರಿರುವ ನಗರದ ಮಾತಾಯಿತು. ಸಿದ್ದಾಪುರದಂಥ ಊರಿನಲ್ಲಿ ಕೂಲಿಯ ಹಣದಿಂದ ಮಾಸಿಕ ಶುಲ್ಕ ಬರಲಾರದು. ಅಲ್ಲಿ ಆಸರೆಯಾಗಬಲ್ಲದ್ದು ಗ್ರಾಮ ಪಂಚಾಯಿತಿ ಗ್ರಂಥಾಲಯ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದ, ಈಗ 'ಅರಿವು ಕೇಂದ್ರ' ಎನಿಸಿಕೊಂಡಿರುವ ಈ ಗ್ರಂಥಾಲಯಗಳು ರಾಜ್ಯದಲ್ಲಿ 5,000ಕ್ಕೂ ಅಧಿಕ. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಮೇಲ್ವಿಚಾರಕರ ಹುದ್ದೆಯಿದೆ, ಕೊಠಡಿಯಿದೆ, ಪುಸ್ತಕವಿದೆ. ಇಲ್ಲದಿರುವುದು ತಿಂಡಿ ಮತ್ತು ಮಕ್ಕಳನ್ನು ನೋಡಿಕೊಳ್ಳುವ ಇನ್ನೊಂದು ಜೋಡಿ ಕೈ. ಸ್ತ್ರೀಶಕ್ತಿ ಗುಂಪಿನ ಸದಸ್ಯೆಯರು ಪಂಚಾಯಿತಿಯ ಮುಂದೆ ಒಯ್ಯಬಹುದಾದ ಪ್ರಸ್ತಾವ ಇದು.

ನಗರದವರು ಒಪ್ಪಂದ ಬರೆಯುವಾಗ ಮರೆಯುವುದು ಎರಡು ಸಂಗತಿ. ಸಂಜೆ ಮಗುವನ್ನು ಕರೆದೊಯ್ಯಲು ಯಾರು ಯಾರು ಬರಬಹುದೆಂಬ ಪಟ್ಟಿ ಒಂದು. ಪಟ್ಟಿಯಲ್ಲಿಲ್ಲದವರು ಚಿಕ್ಕಪ್ಪನೇ ಆದರೂ ತಾಯಿಗೆ ಫೋನ್ ಮಾಡದೆ ಕಳುಹಿಸಕೂಡದು. ಇನ್ನೊಂದು ಬೇಸಿಗೆ ರಜೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದಷ್ಟು ಮಕ್ಕಳು ಅಜ್ಜಿಯ ಊರಿಗೆ ಹೊರಡುತ್ತಾರೆ, ಉಳಿದವರಿಗೆ ಮೂರು ತಾಸಿನ ಬದಲು ಇಡೀ ದಿನದ ಆರೈಕೆ ಬೇಕಾಗುತ್ತದೆ. ಆ ಎರಡು ತಿಂಗಳ ಬಾಡಿಗೆ ಮತ್ತು ಸಹಾಯಕಿಯ ಸಂಬಳಕ್ಕೆ ಜೂನ್‌ನಿಂದಲೇ ಹಣ ತೆಗೆದಿರಿಸಬೇಕು.