ಕಾಣೆಯಾದ ಕೋಗಿಲು

“ಮೇಡಂ, ಕೋಗಿಲು ಅಂತ ಹೊಡೆದ್ರೆ ಏನೂ ಬರ್ತಿಲ್ಲ. ಪಟ್ಟಿ ತೆಗೆದ್ರೆ ಕಣ್ಮುಂದೇನೇ ಇದೆ!” ಯಲಹಂಕದ ಪಾರ್ಸೆಲ್ ಕೌಂಟರಿನ ಹುಡುಗ ಫೋನಿನಲ್ಲಿ ಹೇಳಿದ. ಅವನೆದುರು ಕೋಗಿಲಿನ ಹಿರಿಯರೊಬ್ಬರು ಪೊಟ್ಟಣ ಹಿಡಿದು ಕಾಯುತ್ತಿದ್ದರಂತೆ. ಅವರ ಊರೇ ಇಲ್ಲವೆಂದದ್ದು ನಾನು ಬರೆದ ಪ್ರೋಗ್ರಾಂ.

ಅದರಲ್ಲಿ ‘ಊರಹೆಸರು’ ಎಂಬ ಕ್ಲಾಸ್ ಇದೆ. ಒಂದು ಬಗೆಯ ಮಾಹಿತಿಯನ್ನೂ ಅದರಿಂದ ಆಗಬೇಕಾದ ಕೆಲಸಗಳನ್ನೂ ಒಟ್ಟಿಗೆ ಕಟ್ಟಿಟ್ಟ ಕೋಡ್‌ಗೆ ಕ್ಲಾಸ್ ಎನ್ನುತ್ತೇವೆ. ಎರಡು ಹೆಸರು ಒಂದೇನಾ ಎಂದು ಹೋಲಿಸುವುದು, ಲೇಬಲ್ಲಿಗಾಗಿ ಅಕ್ಷರ ಎಣಿಸುವುದು ಇದರ ಕೆಲಸ. ಆ ಒಂದು ಕ್ಲಾಸನ್ನಷ್ಟೇ, ಡೇಟಾಬೇಸ್, ನೆಟ್‌ವರ್ಕ್ ಯಾವುದರ ಹಂಗೂ ಇಲ್ಲದೆ, ಪುಟ್ಟ ಪುಟ್ಟ ಪ್ರಶ್ನೆ ಕೇಳಿ ಪರೀಕ್ಷಿಸುವ ಕೋಡೇ ಯೂನಿಟ್ ಟೆಸ್ಟ್. ಉತ್ತರ ಸರಿಯಿದ್ದರೆ ಪರದೆಯಲ್ಲಿ ಹಸಿರು, ತಪ್ಪಿದ್ದರೆ ಕೆಂಪು. ನಾನು ಕೋಡ್ ಬರೆಯುವ ಜಾವಾ ಭಾಷೆಯಲ್ಲಿ ಇದಕ್ಕೆ ಬಳಸುವ ಜೆಯೂನಿಟ್ ಅನ್ನು 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಜೂರಿಕ್‌ನಿಂದ ಅಟ್ಲಾಂಟಾಕ್ಕೆ ಹೊರಟ ವಿಮಾನದಲ್ಲಿ ಕೂತು ಬರೆಯತೊಡಗಿದರು.

ನನ್ನ ಟೆಸ್ಟುಗಳೆಲ್ಲ ಹಸಿರಾಗಿಯೇ ಇದ್ದವು. ಮತ್ತೆ ಕೋಗಿಲು ಎಲ್ಲಿ ಹೋಯಿತು?

ಚಿಕ್ಕಂದಿನಲ್ಲಿ ಕಾಗುಣಿತ ಹೇಳಿದವರಿಗೆ ಇದು ಬೇಗ ತಿಳಿಯುತ್ತದೆ. ‘ಕೋ’ ಬರೆಯಲು, ಕಂಪ್ಯೂಟರಿಗಾಗಿ ಪ್ರತಿ ಚಿಹ್ನೆಗೂ ಸಂಖ್ಯೆಯ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕ’ದ ಮುಂದೆ ಓತ್ವದ ದೀರ್ಘಕ್ಕೆಂದೇ ಇರುವ ಒಂದು ಸಂಕೇತ ಹಾಕಬಹುದು. ಅಥವಾ ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಸಂಕೇತ ಬಿಡಿಬಿಡಿಯಾಗಿ ಹಾಕಬಹುದು. ಮೊದಲ ರೀತಿಯಲ್ಲಿ ‘ಕೋಗಿಲು’ 6 ಸಂಕೇತ, ಎರಡನೆಯದರಲ್ಲಿ 8. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಹಳೆಯ ಫಾಂಟ್ ಕಾಲದ ಪಟ್ಟಿಯೊಂದನ್ನು ನಾವೇ ಯೂನಿಕೋಡ್‌ಗೆ ತಿರುಗಿಸಿದಾಗ ಆ ‘ಕೋ’ ಬಿಡಿ ಚೂರುಗಳಾಗಿ ಬಂದಿತ್ತು. ಟೆಸ್ಟಿನಲ್ಲಾದರೋ, ಹೋಲಿಸಿದ ಎರಡೂ ಹೆಸರನ್ನು ನಾನೇ, ಒಂದೇ ಕೀಲಿಮಣೆಯಲ್ಲಿ ಒತ್ತಿದ್ದೆ.

ಕೋಡನ್ನು ಮುಟ್ಟುವ ಮೊದಲು ಹೊಸ ಟೆಸ್ಟ್ ಬರೆದೆ. ಬಿಡಿಸಿದ ‘ಕೋ’ವನ್ನು ಅಕ್ಷರವಾಗಿ ಬರೆಯದೆ ಸಂಕೇತಗಳ ಸಂಖ್ಯೆಯಾಗಿಯೇ ಕೊಟ್ಟೆ, ಇಲ್ಲದಿದ್ದರೆ ಮುಂದೆ ಓದುವವರಿಗೆ ಎರಡೂ ಕಡೆ ಒಂದೇ ಹೆಸರು ಕಂಡು, ಬೇಡದ ಟೆಸ್ಟ್ ಎಂದು ಅಳಿಸಿಬಿಟ್ಟಾರು. ಟೆಸ್ಟಿಗೆ ‘ಎರಡು_ಬಗೆಯ_ಕೋಗಿಲು_ಒಂದೇ_ಊರು’ ಎಂದು ಕನ್ನಡದಲ್ಲೇ ಹೆಸರಿಟ್ಟೆ. ಜಾವಾ ತಕರಾರಿಲ್ಲದೆ ಒಪ್ಪುತ್ತದೆ. ಓಡಿಸಿದೆ: ಕೆಂಪು. ಆ ಕೆಂಪನ್ನು ಕಣ್ಣಾರೆ ನೋಡುವುದು ಬಹಳ ಮುಖ್ಯ. ಒಮ್ಮೆಯೂ ಸೋಲದ ಟೆಸ್ಟ್ ನಿಜಕ್ಕೂ ಏನನ್ನಾದರೂ ನೋಡುತ್ತಿದೆಯೋ ಇಲ್ಲವೋ ಹೇಗೆ ನಂಬುವುದು? ಆಮೇಲೆ ಹೋಲಿಸುವ ಮೊದಲು ಬಿಡಿ ಚಿಹ್ನೆಗಳನ್ನು ಕೂಡಿಸುವ, ಜಾವಾದಲ್ಲೇ ಇರುವ ಸೌಲಭ್ಯವನ್ನು ಒಂದು ಸಾಲಿನಲ್ಲಿ ಕರೆದೆ. ಹಸಿರು.

ಅಕ್ಷರ ಎಣಿಕೆಯನ್ನೂ ಆಗಲೇ ಕೆದಕಿದೆ. ‘ಹೆಬ್ಬಾಳ’ ಎಷ್ಟು ಉದ್ದ ಎಂದು ಕೇಳಿದರೆ ಜಾವಾ 7 ಎನ್ನುತ್ತದೆ. ಒಂದನೇ ತರಗತಿಯ ಮಗು 3 ಎನ್ನುತ್ತದೆ, ಮಗುವೇ ಸರಿ. ಒತ್ತಕ್ಷರ ಏನೆಂದು ಬಲ್ಲ ನಾವೇ ಆ 3 ಅನ್ನು ಟೆಸ್ಟಿನಲ್ಲಿ ಬರೆದಿಡಬೇಕು, ಬೇರೆ ಯಾರೂ ನಮಗಾಗಿ ಬರೆದುಕೊಡುವುದಿಲ್ಲ.

“ಅಕ್ಕಾ, ಆರ್‌ಟಿ ನಗರ?” ಎಂದಳು ಪಕ್ಕದ ಸೀಟಿನ ಹುಡುಗಿ. ಆ ‘ರ್’ ಮತ್ತು ‘ಟಿ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದಿಲ್ಲದಿದ್ದರೆ ‘ಆರ್ಟಿ ನಗರ’ ಆಗಿಬಿಡುತ್ತದೆ. ಜನ ಎರಡು ರೀತಿಯಲ್ಲೂ ಒತ್ತುತ್ತಾರೆ, ಹಾಗಾಗಿ ಹೋಲಿಸುವಾಗ ಅದನ್ನು ಬಿಡಬೇಕು. ಅಚ್ಚು ಹಾಕುವಾಗ ಮಾತ್ರ ಉಳಿಯಬೇಕು. ನಾನು ಸಂಕೇತ ತೆಗೆಯುವ ಸಾಲು ಸೇರಿಸಿದೆ, ಅವಳು ಹೋಲಿಕೆಗೊಂದು, ಅಚ್ಚಿಗೊಂದು ಟೆಸ್ಟ್ ಬರೆದಳು. ಮೊದಲನೆಯದು ಹಸಿರು, ಎರಡನೆಯದು ಕೆಂಪು. ಹೋಲಿಕೆಗೆಂದು ನಾನು ತೆಗೆದ ಸಂಕೇತ ಮೂಲ ಹೆಸರಿನಿಂದಲೇ ಮಾಯವಾಗಿತ್ತು. ಲೇಬಲ್ಲುಗಳ ಮೇಲೆ ಬೀಳಬೇಕಿದ್ದ ‘ಆರ್ಟಿ ನಗರ’ ನಮ್ಮಿಬ್ಬರ ಪರದೆಯಲ್ಲೇ ನಿಂತಿತು.