ಹೆಬ್ಬಟ್ಟೆ ಹಾಯ್ದ ಊರುಗಳು

ಶಿಗ್ಗಾವಿಯ ಪೇಟೆಯ ನಡುವೆ ಹಾಯ್ದಿರುವ ಹಳೆಯ ಹೆದ್ದಾರಿಗೆ ಜನರ ಬಾಯಲ್ಲಿರುವ ಹೆಸರು ಪಿ.ಬಿ. ರಸ್ತೆ. ಪುಣೆ, ಬೆಂಗಳೂರು ಎಂಬ ಎರಡು ದೂರದ ನಗರಗಳು ಎರಡು ಅಕ್ಷರಗಳಾಗಿ ಕುಗ್ಗಿ, ಆ ನಗರಗಳನ್ನು ಎಂದೂ ಕಾಣದವರಿಗೂ ಮನೆಮಾತಾಗಿವೆ. ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು, ದಾವಣಗೆರೆಗಳಲ್ಲಿಯೂ ಇದೇ ಹೆಸರಿದೆ. ದೂರಪ್ರಯಾಣದ ವಾಹನಗಳು ಊರ ಹೊರಗಿನ ಚತುಷ್ಪಥವನ್ನು ಹಿಡಿದು ಎಷ್ಟೋ ವರ್ಷಗಳಾದರೂ ಹೆಸರು ಮಾತ್ರ ಪೇಟೆಯನ್ನು ಬಿಟ್ಟು ಹೋಗಲಿಲ್ಲ.

ಹಳಗನ್ನಡದಲ್ಲಿ ದಾರಿಗೆ ಬಟ್ಟೆಯೆಂದು ಹೆಸರು; ಹಿರಿದಾದ ಬಟ್ಟೆಯೇ ಹೆಬ್ಬಟ್ಟೆ. ದತ್ತಿ ಬಿಟ್ಟ ಭೂಮಿಯ ಎಲ್ಲೆಯನ್ನು ಶಾಸನದಲ್ಲಿ ಹೇಳುವಾಗ ಕೆರೆಯ ಕೋಡಿ, ನಟ್ಟ ಕಲ್ಲು, ಹುಣಿಸೆಯ ಮರ ಇವುಗಳ ಸಾಲಿನಲ್ಲಿಯೇ ಹೆಬ್ಬಟ್ಟೆಯನ್ನೂ ಸೇರಿಸುತ್ತಿದ್ದರು. ಆಚಂದ್ರಾರ್ಕವಾಗಿ ಸಲ್ಲಬೇಕಾದ ದಾನಕ್ಕೆ ದಾರಿಯೊಂದು ಎಲ್ಲೆಯಾಗಬಹುದೆಂದು ನಂಬಿದ ಆ ಕಾಲದವರಿಗೆ, ದಾರಿಯು ಕಲ್ಲಿನಷ್ಟೇ ಸ್ಥಿರವಾಗಿ ತೋರಿದ್ದಿರಬೇಕು. ಪಾನುಂಗಲ್ ಐನೂರು ಎಂಬ ನಾಡಿಗೆ ರಾಜಧಾನಿಯಾಗಿದ್ದ ಇಂದಿನ ಹಾನಗಲ್ಲು, ಬನವಾಸಿ ಪನ್ನಿರ್ಚ್ಛಾಸಿರದ ಮಹಾಪಟ್ಟಣವಾದ ಬಳ್ಳಿಗಾವೆ, ಇವೆರಡಕ್ಕೂ ಸಮೀಪದಲ್ಲಿರುವ ಹಿರೇಕೆರೂರು ಸೀಮೆ, ಇಲ್ಲೆಲ್ಲ ವರ್ತಕರ ಪೇರುಗಳು ಸಂಚರಿಸುತ್ತಿದ್ದವು. ಅವುಗಳ ಮೇಲೆ ಎತ್ತುತ್ತಿದ್ದ ಹೆಜ್ಜುಂಕ, ವಡ್ಡರಾವುಳಗಳೆಂಬ ಸುಂಕಗಳನ್ನು ನೋಡಿಕೊಳ್ಳುವುದಕ್ಕೆ ಪ್ರತ್ಯೇಕ ಅಧಿಕಾರಿಗಳೇ ಇದ್ದರು. ಹಾನಗಲ್ಲಿನ ತಾರಕೇಶ್ವರನ ಗುಡಿಯಲ್ಲಿ ನಿಂತು, ತಲೆಯ ಮೇಲೆ ಎಸಳೆಸಳಾಗಿ ಅರಳಿ ಕೆಳಕ್ಕಿಳಿದಿರುವ ಆ ಶಿಲಾಪದ್ಮವನ್ನು ನೋಡುವಾಗಲೆಲ್ಲ ನನಗೆ, ಆ ಕಲ್ಲನ್ನು ಹೊತ್ತು ತಂದ ಬಂಡಿಯ ಜಾಡು ಯಾವ ಕಡೆಯಿಂದ ಬಂದಿದ್ದೀತೆಂಬ ಯೋಚನೆಯೇ ಮೊದಲು ಬರುತ್ತದೆ.

ಕಲ್ಲಿನಷ್ಟು ಸ್ಥಿರವೆಂದು ತೋರಿದ ದಾರಿಯಾದರೋ ಅಧಿಕಾರದ ನೆಲೆಯನ್ನು ಅನುಸರಿಸಿ ಮತ್ತೆ ಮತ್ತೆ ಹೊರಳಿತು. ರಾಷ್ಟ್ರಕೂಟರ ಸಾಮಂತನಾದ ಬಂಕೇಯನ ಹೆಸರನ್ನು ಹೊತ್ತ ಬಂಕಾಪುರವು ಶತಮಾನಗಳ ಕಾಲ ಈ ಸೀಮೆಯ ಕೋಟೆಯಾಗಿ ಮೆರೆಯಿತು. ಬಳಿಕ ನವಾಬರು ತಮ್ಮ ನೆಲೆಯನ್ನು ಅಲ್ಲಿಂದ ಸವಣೂರಿಗೆ ಬದಲಿಸಲು, ದಾರಿಗಳೂ ಸವಣೂರಿನ ಅಗಸಿಗಳತ್ತ ತಿರುಗಿದವು. 1756ರಲ್ಲಿ ಪೇಶ್ವೆಯ ದಂಡು ನಿಜಾಮನ ಪಡೆಯನ್ನೂ ಫ್ರೆಂಚರ ಬುಸ್ಸಿಯ ತೋಪುಗಳನ್ನೂ ಕೂಡಿಕೊಂಡು ಬಂದು ಊರನ್ನು ಮುತ್ತಿತು. 1800ರ ಮಳೆಗಾಲದಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನಟ್ಟಿದ ಆಂಗ್ಲರ ದಂಡನಾಯಕ ಆರ್ಥರ್ ವೆಲ್ಲೆಸ್ಲಿ, ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರನ್ನು ಹಿಡಿದು ಸವಣೂರಿಗೆ ಬಂದನು. ವೀಳ್ಯದೆಲೆಗೆ ಹೆಸರಾದ ಆ ಊರಿನ ದೊಡ್ಡಹುಣಿಸೆಯ ಮೂರು ಮಹಾವೃಕ್ಷಗಳು ಇವರೆಲ್ಲರನ್ನೂ ನೋಡಿದ್ದಿರಬಹುದು. ಹತ್ತಾರು ಜನ ಕೈ ಹಿಡಿದು ತಬ್ಬಿದರೆ ಮಾತ್ರ ಅವುಗಳ ಬೊಡ್ಡೆಯ ಸುತ್ತು ಪೂರ್ಣವಾದೀತು. ಆಫ್ರಿಕಾದ ನೆಲದ ಆ ಮರ ಇಲ್ಲಿಗೆ ಬಂದು ಬೇರೂರಿದ್ದೇ ಒಂದು ದೀರ್ಘಪ್ರಯಾಣದ ಕುರುಹಲ್ಲವೆ?

ಆಂಗ್ಲರ ಕಾಲದ ಪುಣೆ–ಹರಿಹರ ರಸ್ತೆಯು ಧಾರವಾಡ, ಹುಬ್ಬಳ್ಳಿಗಳಿಂದ ಶಿಗ್ಗಾವಿ, ಬಂಕಾಪುರ, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಮೇಲೆ ದಕ್ಷಿಣಕ್ಕೆ ಸಾಗಿತು. 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದ ಸವಣೂರು ಪೂರ್ವದ ಬದಿಗೆ ಉಳಿಯಿತು. 1868ರಲ್ಲಿ ಹರಿಹರದಲ್ಲಿ ಅರವತ್ತು ಅಡಿ ಅಗಲದ 14 ಕಮಾನುಗಳ ಸೇತುವೆ ಮುಗಿದ ಮೇಲೆ, ಮಳೆಗಾಲದಲ್ಲಿ ತುಂಗಭದ್ರೆಯ ದಂಡೆಯಲ್ಲಿ ಹರಿಗೋಲಿಗಾಗಿ ಕಾಯುವ ಸಂಕಟ ತಪ್ಪಿ, ಮೈಸೂರು ಸೀಮೆಗೂ ಮುಂಬಯಿ ಇಲಾಖೆಗೂ ಗಾಡಿಯ ಬಳಕೆ ಬೆಳೆಯಿತು. ಹುಬ್ಬಳ್ಳಿಯ ಬಂಕಾಪುರ ಚೌಕವು ಇಂದಿಗೂ ತೆಂಕಣ ಪಯಣಿಗನಿಗೆ ದಿಕ್ಕನ್ನು ಹೇಳುತ್ತಿರುವುದನ್ನು ಅಲ್ಲಿ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಮಂದಿ ಗಮನಿಸಿದ್ದಾರೋ! ಊರೊಂದು ತನ್ನ ವೃತ್ತಕ್ಕೆ ನೆರೆಯೂರಿನ ಹೆಸರನ್ನಿಟ್ಟುಕೊಳ್ಳುವುದು, ಆ ಹಾದಿಯಲ್ಲಿ ಜನ ನಿಜವಾಗಿ ನಡೆದಿದ್ದರಷ್ಟೆ.

1880ರ ದಶಕದಲ್ಲಿ ಹಾಸಿದ ರೈಲುಹಳಿಯು ಹುಬ್ಬಳ್ಳಿಯಿಂದ ಕುಂದಗೋಳ, ಗುಡಗೇರಿ, ಯಲವಿಗಿ, ಕರ್ಜಗಿಗಳ ಮೇಲೆ ಹಾವೇರಿಯನ್ನು ಸೇರಿತಾಗಿ, ಈ ಬಾರಿ ಹಿಂದೆ ಉಳಿದವು ಶಿಗ್ಗಾವಿ, ಬಂಕಾಪುರಗಳು. ಹಾನಗಲ್ಲು, ಹಿರೇಕೆರೂರುಗಳಿಗಂತೂ ರೈಲು ಬರಲೇ ಇಲ್ಲ.

ಮೋಟಾರು ಬಂದ ಮೇಲೆ ಮತ್ತೆ ಪೇಟೆಗೆ ಜೀವ ಬಂದಿತು. ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿಯೆಂಬ ಅಂಕಿಯನ್ನು ಪಡೆದ ಅದೇ ರಸ್ತೆಯ ಎರಡೂ ಬದಿಗೆ ಖಾನಾವಳಿಗಳೂ ಚಹದಂಗಡಿಗಳೂ ಪಂಕ್ಚರ್ ಹಾಕುವ ಗೂಡಂಗಡಿಗಳೂ ಎದ್ದು, ಹಳೆಯ ಮನೆಗಳ ಪಡಸಾಲೆಗಳು ಅಂಗಡಿಗಳಾಗಿ ಹೆದ್ದಾರಿಗೆ ಮುಖ ಮಾಡಿದವು. ಈ ಶತಮಾನದ ಆರಂಭದಲ್ಲಿ ಸುವರ್ಣ ಚತುಷ್ಕೋನ ಯೋಜನೆಯ ಚತುಷ್ಪಥವು ಪೇಟೆಗಳನ್ನು ಹೊರಗಿನಿಂದ ಬಳಸಿ ಹೋಯಿತು. 2010ರಲ್ಲಿ ಹೊಸ ಸಂಖ್ಯಾಕ್ರಮ ಬಂದು ಅಂಕಿಯೂ 48 ಆಯಿತು. ರಸ್ತೆಯನ್ನು ದಾಟುವ ಮಕ್ಕಳ ಕೈಯನ್ನು ತಾಯಂದಿರು ಬಿಗಿಹಿಡಿಯುತ್ತಿದ್ದ ಭಯ ಕಡಿಮೆಯಾದುದು ಸಣ್ಣ ಲಾಭವೇನಲ್ಲ, ಅದನ್ನು ಮರೆತು ಹಳೆಯದನ್ನು ಹೊಗಳುವುದು ನ್ಯಾಯವಲ್ಲ. ಸುಂಕವೂ ಊರ ಹೊರಕ್ಕೆ ಹೋಗಿದೆ: ಬಂಕಾಪುರದ ಟೋಲ್ ನಾಕಾದಲ್ಲಿ ಇಂದು ಲಾರಿಗಳು ಸಾಲುಗಟ್ಟಿದಾಗ, ಹೆಜ್ಜುಂಕದ ಅಧಿಕಾರಿಗಳಿಗೆ ಆ ನೋಟ ಅಪರಿಚಿತವಾಗುತ್ತಿರಲಿಲ್ಲ.

ಆದರೆ ಈ ಹಳೆಯ ರಸ್ತೆಗಳನ್ನು ಅಗಲಗೊಳಿಸುವ ಭರದಲ್ಲಿ ಉಳಿದ ಮೈಲುಗಲ್ಲನ್ನು ಕಿತ್ತು ಚರಂಡಿಗೆ ಚಪ್ಪಡಿಯಾಗಿಸುವುದನ್ನೂ, ಸಾಲುಮರವನ್ನು ಗುತ್ತಿಗೆಗೆ ಕೊಟ್ಟುಬಿಡುವುದನ್ನೂ ಕಂಡರೆ ನನ್ನ ಮನಸ್ಸು ಮರುಗುತ್ತದೆ. ಶಾಸನಕ್ಕೆ ಕೊಡುವ ಕಾವಲಿನ ಒಂದಂಶವಾದರೂ ಅವಕ್ಕೆ ಸಲ್ಲಬೇಕು. ಅವು ಹೋದರೆ, ಪೇಟೆಯ ಅಂಗಡಿಗಳು ಏಕೆ ಹೀಗೆ ಒಂದೇ ಸಾಲಿಗೆ ಮುಖ ಮಾಡಿ ನಿಂತಿವೆಯೆಂಬುದನ್ನು ಮುಂದಿನವರಿಗೆ ತೋರಿಸಿಕೊಡಲು ಏನೂ ಉಳಿಯದು.

ಸಂಜೆಯ ಹೊತ್ತು ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ನಿಂತರೆ ನಿರ್ವಾಹಕರ ಕೂಗು ಕೇಳುತ್ತದೆ. ವೇಗದೂತಗಳು ಊರ ಹೊರಗಿನಿಂದಲೇ ಹಾರಿಹೋಗುತ್ತವೆ. ತಾಲ್ಲೂಕಿನ ಕೆಂಪು ಬಸ್ಸುಗಳು ಮಾತ್ರ ಎಲೆಯ ಪೆಂಡಿ, ಸಂತೆಯ ಚೀಲಗಳನ್ನು ಹೇರಿಕೊಂಡು, ಒಂದು ಸವಣೂರಿಗೆ, ಒಂದು ಹಾನಗಲ್ಲಿಗೆ, ಪೇಟೆಯನ್ನು ಹಾಯ್ದೇ ಹೊರಡುತ್ತವೆ.